ಫುಲ್ ಟ್ಯಾಂಕಿಗೆ 650 ಕಿ.ಮೀ. ಮಾತ್ರ: ಹೊಸ ಹೈಬ್ರಿಡ್ ಕಾರಿನಲ್ಲಿ ದೋಷವಿದೆಯೇ?

ಪ್ರಶ್ನೆ: ನಾವು ಹುಬ್ಬಳ್ಳಿಯವರು, ಬಹಳ ವರ್ಷದಿಂದ ಪುಣೆಯ ವಾಕಡ್‌ನಲ್ಲಿದ್ದೇವೆ. ಹೋದ ವರ್ಷ ಹಳೆಯ ಡೀಸೆಲ್ ಕಾರು ಕೊಟ್ಟು, ಪೆಟ್ರೋಲ್ ಎಂಜಿನ್ ಜೊತೆಗೆ ದೊಡ್ಡ ಬ್ಯಾಟರಿಯಿಂದ ಓಡುವ ಮೋಟರೂ ಇರುವ ಸ್ಟ್ರಾಂಗ್ ಹೈಬ್ರಿಡ್ ಎಸ್‌ಯುವಿ ತೆಗೆದುಕೊಂಡೆವು. ಟ್ಯಾಂಕ್ 45 ಲೀಟರ್. ಲೀಟರಿಗೆ 27ರ ಮೇಲೆ ಬರುತ್ತದೆ, ಒಂದು ಟ್ಯಾಂಕಿಗೆ 1,200 ಕಿ.ಮೀ. ಆರಾಮ ಎಂದು ಹೇಳಿ ಮಾರಿದ್ದರು. ಫುಲ್ ಮಾಡಿಸಿದಾಗ ನನ್ನ ಕಾರು ತೋರಿಸುವ ರೇಂಜ್, ಅಂದರೆ ಇನ್ನೆಷ್ಟು ದೂರ ಹೋಗಬಹುದು ಎಂಬ ಅಂಕಿ, 650. ಪರದೆಯ ಮೇಲೆ ಸರಾಸರಿ 17 ಇರುತ್ತದೆ, ನಾನು ಲೆಕ್ಕ ಹಾಕಿದರೆ 16. ರೇಂಜ್ 60ಕ್ಕೆ ಇಳಿದಾಗ ಹಾಕಿಸಿದರೂ 37 ಲೀಟರಿಗಿಂತ ಹೆಚ್ಚು ಹಿಡಿಯುವುದಿಲ್ಲ. ಉಳಿದ 8 ಲೀಟರ್ ಎಲ್ಲಿ ಹೋಯಿತು? ಊರಿಗೆ ಹೋಗಿ ಬರುವಾಗ ಹೈವೇಯಲ್ಲಿ 21 ಬರುತ್ತದೆ. ಬಂದ ಮರುದಿನ ಫುಲ್ ಮಾಡಿಸಿದರೆ ರೇಂಜ್ 850 ಇರುತ್ತದೆ, ಪುಣೆಯೊಳಗೆ 40 ಕಿ.ಮೀ. ಓಡಿಸುವಷ್ಟರಲ್ಲಿ 740! ದಿನದ ಓಡಾಟ ಇಷ್ಟು: ಬೆಳಿಗ್ಗೆ ಮಗಳನ್ನು 2 ಕಿ.ಮೀ. ದೂರದ ಶಾಲೆಗೆ ಬಿಟ್ಟು ಬರುವುದು, ಆಮೇಲೆ ಹಿಂಜವಡಿಯ ಆಫೀಸಿಗೆ 8 ಕಿ.ಮೀ., ಸಂಜೆ ವಾಪಸ್, ರಾತ್ರಿ ಡಾಂಗೆ ಚೌಕದ ಕಡೆ ತರಕಾರಿಗೆ. ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕುತ್ತೇನೆ, ಆದಷ್ಟು ಬ್ಯಾಟರಿಯ ಮೇಲಷ್ಟೇ ಓಡಿಸುವ ಇವಿ ಬಟನ್ ಒತ್ತಿಯೇ ಓಡಿಸುತ್ತೇನೆ. ಇದರ ಮೇಲೆ ದೀಪಾವಳಿಗೆ ರೈಲಿನಲ್ಲಿ ಊರಿಗೆ ಹೋಗಿ 12 ದಿನ ಬಿಟ್ಟು ಬಂದರೆ ಕಾರಿನ ಬಾಗಿಲೇ ತೆರೆಯಲಿಲ್ಲ. ಡ್ಯಾಶ್‌ಕ್ಯಾಮ್ ಬಿಟ್ಟರೆ ಹೊರಗಿನದೇನೂ ಹಾಕಿಸಿಲ್ಲ. ವೈರ್‌ಲೆಸ್ ಆಂಡ್ರಾಯ್ಡ್ ಆಟೋ ಅರ್ಧ ದಾರಿಯಲ್ಲಿ ಕಡಿದುಹೋಗುತ್ತದೆ. ಸರ್ವಿಸ್‌ನವರು ಇಂಜೆಕ್ಟರ್ ಕ್ಲೀನಿಂಗ್ ಮಾಡಿಸಿ ಅನ್ನುತ್ತಾರೆ. ಸೊಸೈಟಿಯ ಗೆಳೆಯರು 100 ಆಕ್ಟೇನ್ ಪೆಟ್ರೋಲ್ ಹಾಕಿಸಿ, ಇಲ್ಲವೇ ದೊಡ್ಡ ಬ್ಯಾಟರಿ ಕೈಕೊಡುವ ಮೊದಲೇ ಮಾರಿಬಿಡಿ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನೀವು ಅಂಕಿಗಳನ್ನು ಕೊಟ್ಟಿರುವುದರಿಂದ ಉತ್ತರ ಹೇಳುವುದು ಸುಲಭವಾಯಿತು. 650, 60, 37, 850, 740 ಇವೆಲ್ಲ ಒಂದಕ್ಕೊಂದು ತಾಳೆಯಾಗುತ್ತವೆ. ಕಾರಿನಲ್ಲಿ ಪೆಟ್ರೋಲ್ ಸೋರಿಕೆಯೋ ಗೇಜಿನ ದೋಷವೋ ಇದ್ದಿದ್ದರೆ ಹೀಗೆ ತಾಳೆಯಾಗುತ್ತಿರಲಿಲ್ಲ. ಆದರೆ ನಿಮ್ಮ ಬೇಸರ ಸುಳ್ಳಲ್ಲ. 16 ಎನ್ನುವುದು ಈ ಬಗೆಯ ಕಾರಿಗೆ ನಿಜವಾಗಿಯೂ ಕಡಿಮೆ. ಅದಕ್ಕೆ ಮುಖ್ಯ ಕಾರಣ ನಿಮ್ಮ ದಿನಚರಿಯಲ್ಲಿದೆ ಎಂಬುದು ನನ್ನ ಅಂದಾಜು. ಅದನ್ನು ಒಂದು ಭಾನುವಾರದ ಬೆಳಿಗ್ಗೆ ನೀವೇ ಪರೀಕ್ಷಿಸಿ ನೋಡಬಹುದು.

ಮೊದಲು ರೇಂಜಿನ ವಿಷಯ. ಪರದೆಯ ಮೇಲಿನ ಆ ಸಂಖ್ಯೆ ಅಳತೆಯಲ್ಲ, ಅಂದಾಜು. ಟ್ಯಾಂಕಿನ ಫ್ಲೋಟ್ ಹೇಳುವ ಪೆಟ್ರೋಲನ್ನು ಇತ್ತೀಚಿನ ನಿಮ್ಮ ಸರಾಸರಿಯಿಂದ ಗುಣಿಸಿ ಕಾರು ಅದನ್ನು ತೋರಿಸುತ್ತದೆ. ಟ್ಯಾಂಕಿನ ತಳದ ಕೆಲವು ಲೀಟರನ್ನು ಈ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ರೇಂಜ್ 60 ಇದ್ದಾಗ 37 ಲೀಟರ್ ಹಿಡಿಯಿತು ಎಂದರೆ ಒಳಗೆ ಇನ್ನೂ 8 ಲೀಟರ್ ಇತ್ತು. ಲೀಟರಿಗೆ 16ರಂತೆ 60 ಕಿ.ಮೀ.ಗೆ ಬೇಕಾಗುವುದು 3.75 ಲೀಟರ್. ಉಳಿದ 4.25 ಲೀಟರ್ ರಿಸರ್ವ್. ರೇಂಜ್ ಸೊನ್ನೆಯಾದ ಮೇಲೂ ಅದು ಇರುತ್ತದೆ. ಈಗ 45ರಲ್ಲಿ 4.25 ಕಳೆದು 16ರಿಂದ ಗುಣಿಸಿ. 652 ಬರುತ್ತದೆ. ನಿಮ್ಮ 650 ಇದೇ.

ಊರಿಂದ ಬಂದ ಮರುದಿನದ ಲೆಕ್ಕವೂ ಹೀಗೆಯೇ. ಹೈವೇಯ 21 ಇನ್ನೂ ಕಂಪ್ಯೂಟರಿನ ನೆನಪಿನಲ್ಲಿರುತ್ತದೆ, ಹಾಗಾಗಿ 40.75 ಲೀಟರನ್ನು 21ರಿಂದ ಗುಣಿಸಿ 850ರ ಆಸುಪಾಸು ತೋರಿಸುತ್ತದೆ. ಪುಣೆಯೊಳಗಿನ 40 ಕಿ.ಮೀ.ಗೆ ನಿಜವಾಗಿ ಉರಿದದ್ದು ಎರಡೂವರೆ ಲೀಟರ್. ಅಷ್ಟರಲ್ಲಿ ಸರಾಸರಿ 19ರ ಸುತ್ತ ಇಳಿದಿರುತ್ತದೆ. ಉಳಿದ 38 ಲೀಟರನ್ನು ಅದರಿಂದ ಗುಣಿಸಿದರೆ 740ರ ಹತ್ತಿರ ಬಂದು ನಿಲ್ಲುತ್ತದೆ. 110 ಕಿ.ಮೀ. ಕುಸಿತದಲ್ಲಿ 40 ನೀವು ಓಡಿಸಿದ್ದು, 70 ಕಾರು ತನ್ನ ಅಂದಾಜನ್ನು ತಿದ್ದಿಕೊಂಡದ್ದು.

ರಿಸರ್ವ್ ಇದೆ ಎಂದು ಗೊತ್ತಾದ ಮೇಲೆ ಅದನ್ನು ಬಳಸಿ ನೋಡುವ ಆಸೆ ಬೇಡ. ಹೈಬ್ರಿಡ್‌ನಲ್ಲಿ ಪೆಟ್ರೋಲ್ ಪೂರ್ತಿ ಮುಗಿಯುವುದು ಸಾಮಾನ್ಯ ಕಾರಿಗಿಂತ ಕೆಟ್ಟದ್ದು. ಎಂಜಿನ್ ನಿಂತ ಮೇಲೂ ಕಾರು ಬ್ಯಾಟರಿಯ ಮೇಲೆ ಸ್ವಲ್ಪ ದೂರ ಹೋಗುತ್ತದೆ, ಅದನ್ನು ನಂಬಿ ಮುಂದಿನ ಪಂಪ್‌ವರೆಗೆ ಎಳೆಯುವವರಿದ್ದಾರೆ. ಈ ಬಗೆಯ ಹೆಚ್ಚಿನ ಕಾರುಗಳಲ್ಲಿ ಎಂಜಿನ್ ತಿರುಗಿಸಿ ಚಾಲೂ ಮಾಡುವ ಶಕ್ತಿ ಬರುವುದೂ ಅದೇ ದೊಡ್ಡ ಬ್ಯಾಟರಿಯಿಂದ. ಅದು ಬರಿದಾದರೆ ಪೆಟ್ರೋಲ್ ತಂದು ಸುರಿದರೂ ಕಾರು ಚಾಲೂ ಆಗದೆ ಟೋಯಿಂಗ್ ಮಾಡಿಸಬೇಕಾದೀತು. ಕಡಿಮೆ ಪೆಟ್ರೋಲಿನ ದೀಪ ಹತ್ತಿದ ಕೂಡಲೇ ಹಾಕಿಸಿ. ಹಾಕಿಸುವಾಗ ಕಾರನ್ನು ಪೂರ್ತಿ ಆಫ್ ಮಾಡಿ. ಆನ್ ಇದ್ದರೆ ಅಥವಾ ಎರಡು ಮೂರು ಲೀಟರ್ ಮಾತ್ರ ಹಾಕಿಸಿದರೆ ಎಷ್ಟೋ ಕಾರುಗಳಲ್ಲಿ ರೇಂಜ್ ಬದಲಾಗುವುದೇ ಇಲ್ಲ. ನಳಿಕೆ ತಾನಾಗಿ ಕಟ್ ಆದ ಮೇಲೆ "ರೌಂಡ್ ಫಿಗರ್ ಮಾಡ್ಲಾ ಸರ್" ಎಂದರೆ ಬೇಡ ಎನ್ನಿ. ಕುತ್ತಿಗೆವರೆಗೆ ತುಂಬಿದ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಕ್ಯಾನಿಸ್ಟರ್‌ಗೆ ನುಗ್ಗಿದರೆ ಅದು ಹಾಳಾಗುತ್ತದೆ, ಚೆಕ್ ಎಂಜಿನ್ ದೀಪ ಹತ್ತುತ್ತದೆ.

ಇನ್ನು 27ರ ಮಾತು. ಮಾರುತಿ ಗ್ರ್ಯಾಂಡ್ ವಿಟಾರಾ ಮತ್ತು ಟೊಯೋಟಾ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್‌ಗಳ ಪ್ರಮಾಣಿತ ಮೈಲೇಜ್ 27.97. ಅದನ್ನು 45ರಿಂದ ಗುಣಿಸಿದರೆ 1,258 ಬರುತ್ತದೆ, 1,200ರ ಆಸೆ ಹುಟ್ಟುವುದು ಇಂಥ ಗುಣಾಕಾರದಿಂದ. ಈ ಅಂಕಿ ಬರುವ ಪರೀಕ್ಷೆ ರಸ್ತೆಯ ಮೇಲೆ ನಡೆಯುವುದಿಲ್ಲ. ನಿಮ್ಮ ಪುಣೆಯದೇ ಕೋಥ್ರೂಡ್ ಟೇಕಡಿಯ ಮೇಲಿರುವ ಎಆರ್‌ಎಐಯಂಥ ವಾಹನ ಪರೀಕ್ಷಾ ಸಂಸ್ಥೆಗಳಲ್ಲಿ ಕಾರನ್ನು ರೋಲರುಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಒಟ್ಟು 1,180 ಸೆಕೆಂಡ್, 11 ಕಿ.ಮೀ.ಗೂ ತುಸು ಕಡಿಮೆ ದೂರ, ಗರಿಷ್ಠ ವೇಗ 90, ಸರಾಸರಿ ಗಂಟೆಗೆ 32 ಕಿ.ಮೀ. ಆಸುಪಾಸು. ಎ.ಸಿ. ಆಫ್. ಗುಂಡಿ ಇಲ್ಲ, ಘಾಟ್ ಇಲ್ಲ, ಹಿಂದಿನ ಸೀಟಿನಲ್ಲಿ ಮನೆಮಂದಿ ಇಲ್ಲ. ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸಲು ಈ ಅಂಕಿ ಉಪಯುಕ್ತ. ನಿಮ್ಮ ಟ್ಯಾಂಕ್ ಎಷ್ಟು ದೂರ ಬರುತ್ತದೆ ಎಂದು ಹೇಳಲು ಅದು ಸಾಧನವೇ ಅಲ್ಲ, ಮಾರುವವರು ಅದನ್ನು ಹಾಗೆ ಬಳಸುವುದು ತಪ್ಪು. ಈ ಗಾತ್ರದ ಹೈಬ್ರಿಡ್‌ನಿಂದ ಪುಣೆಯೊಳಗೆ ಎ.ಸಿ. ಹಾಕಿಕೊಂಡು, ದೂರ ಸ್ವಲ್ಪ ಹೆಚ್ಚಿರುವ ಓಡಾಟದಲ್ಲಿ 20ರಿಂದ 23 ನಿರೀಕ್ಷಿಸಬಹುದು.

ಹಾಗಾದರೆ 20ಕ್ಕೂ 16ಕ್ಕೂ ನಡುವಿನ ಆ ನಾಲ್ಕು ಎಲ್ಲಿ ಸೋರಿತು?

ನೀವು ಗಮನಿಸಿರಬಹುದು, ಬೆಳಿಗ್ಗೆ ಬ್ಯಾಟರಿಯ ಪಟ್ಟಿಗಳು ತುಂಬಿದ್ದರೂ ಹೊರಟ ಕೆಲವೇ ಕ್ಷಣಗಳಲ್ಲಿ ಎಂಜಿನ್ ಶುರುವಾಗುತ್ತದೆ. ಅದು ಚಾರ್ಜಿಗಾಗಿ ಅಲ್ಲ. ಹೊಗೆಯ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲವು ನೂರು ಡಿಗ್ರಿ ಬಿಸಿಯಾಗದೆ ವಿಷಾನಿಲವನ್ನು ಶುದ್ಧ ಮಾಡಲಾರದು. ಅದನ್ನು ಬೇಗ ಬಿಸಿ ಮಾಡಲೆಂದೇ ಕಂಪ್ಯೂಟರ್ ಸ್ಪಾರ್ಕನ್ನು ತಡಮಾಡಿ, ಉರಿಯ ಶಾಖವನ್ನು ಚಕ್ರಕ್ಕೆ ಕೊಡುವ ಬದಲು ಹೊಗೆಯ ಕೊಳವೆಗೆ ಕಳಿಸುತ್ತದೆ. ಜೊತೆಗೆ ತಣ್ಣನೆಯ ಆಯಿಲ್ ದಪ್ಪಗಿರುತ್ತದೆ, ಕೂಲಂಟ್ ಒಂದು ಮಟ್ಟಕ್ಕೆ ಬಿಸಿಯಾಗುವವರೆಗೆ ಎಂಜಿನ್ ಆಗಾಗ ನಿಲ್ಲುವ ಹೈಬ್ರಿಡ್‌ನ ಆಟ ಶುರುವಾಗುವುದೇ ಇಲ್ಲ. ಮೊದಲ ಎರಡು ಮೂರು ಕಿ.ಮೀ.ವರೆಗೆ ನಿಮ್ಮ ಕಾರು ಹೆಸರಿಗಷ್ಟೇ ಹೈಬ್ರಿಡ್.

ಇದನ್ನು ನಿಮ್ಮ ದಿನಕ್ಕೆ ಹೊಂದಿಸಿ ನೋಡೋಣ. ಶಾಲೆಗೆ ಹೋಗಿ ಬರಲು 4, ಆಫೀಸಿಗೆ 8, ವಾಪಸ್ 8, ತರಕಾರಿಗೆ ಹೋಗಿ ಬರಲು 5 ಎಂದರೆ ದಿನಕ್ಕೆ 25 ಕಿ.ಮೀ., ಅದರಲ್ಲಿ ನಾಲ್ಕು ಬಾರಿ ಎಂಜಿನ್ ತಣ್ಣಗಿನಿಂದ ಬಿಸಿಯಾಗಬೇಕು. ಪ್ರತಿ ಬಾರಿ ಮೊದಲ ಎರಡೂವರೆ ಕಿ.ಮೀ.ನಲ್ಲಿ ಲೀಟರಿಗೆ 11, ಆಮೇಲೆ 22 ಎಂದು ಹಿಡಿಯಿರಿ. 10 ಕಿ.ಮೀ.ಗೆ 0.91 ಲೀಟರ್, ಉಳಿದ 15ಕ್ಕೆ 0.68 ಲೀಟರ್. ಒಟ್ಟು 1.59 ಲೀಟರಿಗೆ 25 ಕಿ.ಮೀ., ಅಂದರೆ 15.7. ನೀವು ಲೆಕ್ಕ ಹಾಕಿದ 16ಕ್ಕೆ ಇದು ಎಷ್ಟು ಹತ್ತಿರ ಬಂತು ನೋಡಿ. ಟ್ರಾಫಿಕ್ ಇಲ್ಲಿ ಖಳನಾಯಕನಲ್ಲ. ಬಿಸಿಯಾದ ಹೈಬ್ರಿಡ್ ಭೂಮ್‌ಕರ್ ಚೌಕದ ಜಾಮ್‌ನಲ್ಲಿ ಎಂಜಿನ್ ನಿಲ್ಲಿಸಿಕೊಂಡು ತೆವಳುವುದರಲ್ಲಿ ಡೀಸೆಲ್ ಕಾರಿಗಿಂತ ಎಷ್ಟೋ ಮೇಲು. ಅದಕ್ಕೆ ಆಗಿಬರದಿರುವುದು ಬಿಸಿಯಾಗುವ ಮೊದಲೇ ಮುಗಿದುಹೋಗುವ ಪ್ರಯಾಣ.

ಈಗ ಮಗಳನ್ನು ಶಾಲೆಗೆ ಬಿಟ್ಟು ಅಲ್ಲಿಂದಲೇ ಆಫೀಸಿಗೆ, ಸಂಜೆ ಬರುವ ದಾರಿಯಲ್ಲೇ ತರಕಾರಿ ಎಂದು ಮಾಡಿದರೆ ಎಂಜಿನ್ ಬಿಸಿಯಾಗಬೇಕಾದದ್ದು ಎರಡೇ ಬಾರಿ, ಓಡಾಟ ಸುಮಾರು 21 ಕಿ.ಮೀ. ಅದೇ ಲೆಕ್ಕದಲ್ಲಿ ದಿನಕ್ಕೆ 1.18 ಲೀಟರ್. ಮೈಲೇಜ್ 18ರ ಹತ್ತಿರ ಬಂದು ನಿಲ್ಲುತ್ತದೆ, ಅದೇನೂ ಬೆರಗಾಗುವ ಏರಿಕೆಯಲ್ಲ. ಆದರೆ ಉರಿಯುವ ಪೆಟ್ರೋಲ್ ಕಾಲು ಭಾಗ ಕಡಿಮೆಯಾಯಿತು. ಶಾಲೆಯ ವೇಳೆ ಆಫೀಸಿಗೆ ಹೊಂದದಿದ್ದರೆ ತರಕಾರಿಯೊಂದನ್ನಾದರೂ ದಾರಿಗೆ ಸೇರಿಸಿ; ಎರಡು ಕಿ.ಮೀ. ಶಾಲೆಗೆ ಮನೆಯಲ್ಲಿ ಸ್ಕೂಟರ್ ಇದ್ದರೆ ಅದೇ ಸಾಕು. ನಿಂತಲ್ಲೇ ಐದು ನಿಮಿಷ ಎಂಜಿನ್ ಬಿಸಿ ಮಾಡುವುದರಿಂದ ಮಾತ್ರ ಏನೂ ಲಾಭವಿಲ್ಲ, ಮೆಲ್ಲಗೆ ಹೊರಟರೆ ಬೇಗ ಬಿಸಿಯಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಪುಣೆಯ ಚಳಿಗೆ ಹೀಟರ್ ಹಾಕಿದರೆ ಆ ಶಾಖಕ್ಕಾಗಿಯೇ ಎಂಜಿನ್ ಓಡುತ್ತಿರುತ್ತದೆ, ಆ ದಿನಗಳಲ್ಲಿ ಮೈಲೇಜ್ ಇನ್ನಷ್ಟು ಇಳಿಯುತ್ತದೆ.

ನಿಮ್ಮ ಎರಡು ಅಭ್ಯಾಸಗಳನ್ನು ಇವತ್ತೇ ಬಿಡಬೇಕು. ಮೊದಲನೆಯದು ಸಿಗ್ನಲ್‌ನಲ್ಲಿ ನ್ಯೂಟ್ರಲ್. ಮ್ಯಾನುವಲ್ ಕಾರು ಓಡಿಸಿದ ಕೈಗೆ ಅದು ಸಹಜ. ಆದರೆ ಈ ಬಗೆಯ ಕಾರುಗಳಲ್ಲಿ ಎನ್‌ನಲ್ಲಿದ್ದಾಗ ದೊಡ್ಡ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎ.ಸಿ., ದೀಪ, ಪರದೆ ಮಾತ್ರ ಅದನ್ನು ಹೀರುತ್ತಲೇ ಇರುತ್ತವೆ. ಕೈಪಿಡಿಯಲ್ಲೂ ಈ ಎಚ್ಚರಿಕೆ ಇರುತ್ತದೆ. ಡಿಯಲ್ಲೇ ಬಿಟ್ಟು ಬ್ರೇಕ್ ಒತ್ತಿ, ಆಟೋ ಹೋಲ್ಡ್ ಇದ್ದರೆ ಅದನ್ನು ಹಾಕಿಕೊಳ್ಳಿ. ಬಹಳ ಹೊತ್ತು ನಿಲ್ಲುವುದಾದರೆ ಪಿ.

ಎರಡನೆಯದು ಇವಿ ಬಟನ್. ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಇದೆ ಎಂಬುದು ಗೊತ್ತಾದರೆ ಅದರ ಮೋಹ ತಾನಾಗಿ ಹೋಗುತ್ತದೆ. ಮೇಲೆ ಹೇಳಿದ ಎರಡು ಎಸ್‌ಯುವಿಗಳಲ್ಲಿ ಅದು 0.76 ಯೂನಿಟ್, ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್. ಬ್ಯಾಟರಿ ಬಾಳಬೇಕೆಂದು ಕಾರು ಅದನ್ನು ಪೂರ್ತಿ ತುಂಬುವುದೂ ಇಲ್ಲ, ಪೂರ್ತಿ ಬರಿದು ಮಾಡುವುದೂ ಇಲ್ಲ. ಬಳಕೆಗೆ ಸಿಗುವುದು ಅರ್ಧದಷ್ಟು, ಮೆಲ್ಲಗೆ ಎರಡು ಕಿ.ಮೀ. ಹೋಗುವಷ್ಟು. ನೀವು ಬಟನ್ ಒತ್ತಿ ಖರ್ಚು ಮಾಡಿದ ಚಾರ್ಜನ್ನು ಎಂಜಿನ್ ಆಮೇಲೆ ಪೆಟ್ರೋಲ್ ಉರಿಸಿ ತುಂಬಬೇಕು, ಹೀಗೆ ತುಂಬಿ ಖರ್ಚು ಮಾಡುವುದರಲ್ಲಿ ಒಂದಿಷ್ಟು ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಯಾವಾಗ ಮೋಟರ್, ಯಾವಾಗ ಎಂಜಿನ್ ಎಂಬ ತೀರ್ಮಾನವನ್ನು ಕಾರಿಗೇ ಬಿಡಿ. ಆ ಬಟನ್ ಇರುವುದು ರಾತ್ರಿ ಸದ್ದಿಲ್ಲದೆ ಸೊಸೈಟಿಯೊಳಗೆ ಕಾರು ಸರಿಸುವುದಕ್ಕೆ.

ನಿಮ್ಮ ಕೈಯಲ್ಲಿ ನಿಜವಾಗಿ ಇರುವುದು ಬ್ರೇಕ್. ದೂರದಿಂದಲೇ ಮೆತ್ತಗೆ ಒತ್ತಿದರೆ ಮೋಟರ್ ಜನರೇಟರ್ ಆಗಿ ಆ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಕೊನೆ ಗಳಿಗೆಯಲ್ಲಿ ಜೋರಾಗಿ ಒತ್ತಿದರೆ ಅದು ಡಿಸ್ಕಿನ ಬಿಸಿಯಾಗಿ ಹೋಗುತ್ತದೆ. ಹೈವೇಯಲ್ಲಿ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸಾತಾರಾ, ಕೊಲ್ಹಾಪುರ ದಾರಿಯಲ್ಲಿ 110ರ ಬದಲು 85–90ರಲ್ಲಿ ಹೋದರೆ ನಿಮ್ಮ 21 ಒಂದೆರಡು ಕಿ.ಮೀ. ಏರುವುದನ್ನು ಮೊದಲ ಪ್ರಯಾಣದಲ್ಲೇ ನೋಡುತ್ತೀರಿ. ಮುಂಬೈಗೆ ಇಳಿಯುವಾಗ ಖಂಡಾಲಾ ಘಾಟ್‌ನಲ್ಲಿ ಬ್ಯಾಟರಿ ತುಂಬಿ ಎಂಜಿನ್ ಜೋರಾಗಿ ಸದ್ದು ಮಾಡಿದರೆ ಗಾಬರಿ ಬೇಡ. ಒಂದೂವರೆ ಟನ್ ತೂಕ 500 ಮೀಟರ್ ಕೆಳಗಿಳಿಯುವಾಗ ಎರಡು ಯೂನಿಟ್‌ನಷ್ಟು ಶಕ್ತಿ ಬಿಡುಗಡೆಯಾಗುತ್ತದೆ, ಮುಕ್ಕಾಲು ಯೂನಿಟ್‌ನ ಬ್ಯಾಟರಿಗೆ ಅದನ್ನೆಲ್ಲ ಹಿಡಿಯಲು ಜಾಗವಿಲ್ಲ. ಉಳಿದದ್ದನ್ನು ಕಳೆಯಲು ಕಾರು ಎಂಜಿನನ್ನು ಪೆಟ್ರೋಲ್ ಇಲ್ಲದೆ ಸುಮ್ಮನೆ ತಿರುಗಿಸುತ್ತದೆ. ಇಂಥ ಇಳಿಜಾರಿನಲ್ಲಿ ಬಿ ಗೇರ್ ಹಾಕಿ, ಬ್ರೇಕ್ ಪ್ಯಾಡ್ ಬಿಸಿಯಾಗುವುದು ತಪ್ಪುತ್ತದೆ.

ಗೆಳೆಯರ ಸಲಹೆಗಳಿಗೆ ಬರೋಣ. 100 ಆಕ್ಟೇನ್ ಎಂದರೆ ಹೆಚ್ಚು ಶಕ್ತಿಯ ಪೆಟ್ರೋಲ್ ಎಂದಲ್ಲ. ಒತ್ತಡಕ್ಕೆ ಅಕಾಲದಲ್ಲಿ ಹೊತ್ತಿಕೊಳ್ಳದಂತೆ ತಡೆಯುವ ಗುಣ ಮಾತ್ರ ಅದಕ್ಕೆ ಹೆಚ್ಚು. ನಿಮ್ಮ ಕೈಪಿಡಿ ಅದನ್ನು ಕೇಳದಿದ್ದರೆ ಆ ಹಣ ವ್ಯರ್ಥ. ಎಥೆನಾಲ್‌ ಬೆರೆತ ಪೆಟ್ರೋಲಿನಿಂದ ಮೈಲೇಜ್ ಇಳಿಯುತ್ತದೆ ಎಂಬ ಮಾತೂ ಕೇಳಿರುತ್ತೀರಿ. ಅದು ನಿಜ, ಆದರೆ ಎಷ್ಟು ಇಳಿಯುತ್ತದೆ ಎಂಬುದು ತಿಳಿದಿರಲಿ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಶುದ್ಧ ಪೆಟ್ರೋಲಿಗಿಂತ ಶೇ. 6–7, ಹಿಂದಿನ ಶೇ. 10ರ ಮಿಶ್ರಣಕ್ಕಿಂತ ಶೇ. 3–4 ಕಡಿಮೆ. 22 ಕೊಡುವ ಕಾರಿನಲ್ಲಿ ಅದು ಒಂದು, ಒಂದೂವರೆ ಕಿ.ಮೀ. ತಿಂದೀತು. 27ನ್ನು 16 ಮಾಡುವ ಶಕ್ತಿ ಅದಕ್ಕಿಲ್ಲ. ಹೋದ ವರ್ಷವಷ್ಟೇ ತೆಗೆದುಕೊಂಡ ಕಾರಿಗೆ, ಎಂಜಿನ್ ನಡುಗದೆ, ಎಳೆತ ಕಡಿಮೆಯಾಗದೆ ಇರುವಾಗ ಇಂಜೆಕ್ಟರ್ ಕ್ಲೀನಿಂಗ್ ಬೇಡ. ಸ್ಕ್ಯಾನರಿನಲ್ಲಿ ಯಾವ ದೋಷ ಕಂಡಿತು ಎಂದು ಬರೆದು ಕೊಡಿ ಎನ್ನಿ. ಟೈರಿಗೆ ನೈಟ್ರೋಜನ್ ತುಂಬಿಸಿದರೂ ಮೈಲೇಜ್ ಏರುವುದಿಲ್ಲ, ಸರಿಯಾದ ಒತ್ತಡ ಇದ್ದರೆ ಏರುತ್ತದೆ. ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಒತ್ತಡವನ್ನು ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿ. ಹೊರಗಿನ ಸಿಎನ್‌ಜಿ ಕಿಟ್ ಮಾತು ಯಾರಾದರೂ ಎತ್ತಿದರೆ ಖಂಡಿತ ಬೇಡ, ವಾರಂಟಿ ಕಳೆದುಕೊಳ್ಳುತ್ತೀರಿ.

ಈಗ ಭಾನುವಾರದ ಪರೀಕ್ಷೆ. ಟೈರ್ ಒತ್ತಡ ಸರಿಮಾಡಿಕೊಂಡು, ಟ್ರಿಪ್ ಮೀಟರ್ ಬಿ ಸೊನ್ನೆ ಮಾಡಿ, ಎ.ಸಿ. 25ರಲ್ಲಿಟ್ಟು ವಾಕಡ್‌ನಿಂದ ಚಾಂದನಿ ಚೌಕದವರೆಗೆ ಹೋಗಿ ನಿಲ್ಲಿಸದೆ ವಾಪಸ್ ಬನ್ನಿ, ಸುಮಾರು 25 ಕಿ.ಮೀ. ವೇಗ 50–60. ಎರಡನೇ ಕಿ.ಮೀ.ನಲ್ಲಿ ಸರಾಸರಿ ಎಷ್ಟಿದೆ, ಹತ್ತನೆಯದರಲ್ಲಿ ಎಷ್ಟು, ಕೊನೆಗೆ ಎಷ್ಟು ಎಂದು ಜೊತೆಗಿದ್ದವರು ಬರೆದುಕೊಳ್ಳಲಿ. 10–12ರಿಂದ ಶುರುವಾಗಿ ಕೊನೆಗೆ 21 ದಾಟಿದರೆ ಕಾರು ಆರೋಗ್ಯವಾಗಿದೆ. ಪರದೆ ನಿಮ್ಮ ಲೆಕ್ಕಕ್ಕಿಂತ ಶೇ. 6ರಷ್ಟು ಹೆಚ್ಚು ತೋರಿಸುತ್ತಿದೆ ಎಂಬುದನ್ನು ಇಲ್ಲೂ ಕಳೆಯಿರಿ. ನಿಜವಾದ ಮೈಲೇಜಿಗೆ ಫುಲ್ ಟ್ಯಾಂಕ್ ಲೆಕ್ಕವೇ ಗಟ್ಟಿ: ಒಂದೇ ಪಂಪ್, ಸಾಧ್ಯವಾದರೆ ಅದೇ ನಳಿಕೆ, ಮೊದಲ ಕಟ್‌ಗೆ ನಿಲ್ಲಿಸುವುದು, ಹೀಗೆ ಸತತ ಮೂರು ಬಾರಿ. ಒಂದು ಬಾರಿ ನಿಪ್ಪಾಣಿಯಲ್ಲಿ, ಇನ್ನೊಂದು ಬಾರಿ ವಾಕಡ್‌ನಲ್ಲಿ ತುಂಬಿಸಿ ಮಾಡಿದ ಲೆಕ್ಕದಲ್ಲಿ ಒಂದೆರಡು ಲೀಟರ್ ಆಚೀಚೆ ಆಗುವುದು ಸಾಮಾನ್ಯ.

25 ಕಿ.ಮೀ. ಒಂದೇ ಓಟದಲ್ಲಿ ಓಡಿಸಿದರೂ 18 ದಾಟದಿದ್ದರೆ ಆಗ ವರ್ಕ್‌ಶಾಪ್‌ಗೆ ಹೋಗಿ, ಸುಮ್ಮನೆ "ಮೈಲೇಜ್ ಇಲ್ಲ" ಎನ್ನದೆ ಇಷ್ಟನ್ನು ಜಾಬ್ ಕಾರ್ಡಿನಲ್ಲಿ ಬರೆಸಿ. ಒಂದು, ಕೂಲಂಟ್ ತಾಪ: ಕೂಲಂಟ್ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟ್ಯಾಟ್ ಕವಾಟ ತೆರೆದೇ ಸಿಕ್ಕಿಕೊಂಡಿದ್ದರೆ ಎಂಜಿನ್ ಎಂದೂ ಪೂರ್ತಿ ಬಿಸಿಯಾಗುವುದಿಲ್ಲ, ಹಾಗಾಗಿ ನಿಲ್ಲುವುದೂ ಇಲ್ಲ. ಎರಡು, ಬ್ರೇಕ್ ಹಿಡಿದುಕೊಂಡಿದೆಯೇ. ಹೈಬ್ರಿಡ್‌ನಲ್ಲಿ ಡಿಸ್ಕ್ ಬ್ರೇಕಿನ ಬಳಕೆ ಕಡಿಮೆಯಾದ್ದರಿಂದ ಮಳೆಗಾಲದ ನಂತರ ಕ್ಯಾಲಿಪರ್ ಪಿನ್‌ಗಳು ತುಕ್ಕು ಹಿಡಿದು ಬಿಗಿಯುತ್ತವೆ. ಓಡಿಸಿ ಬಂದ ಮೇಲೆ ಕೈಯನ್ನು ರಿಮ್‌ನ ಹತ್ತಿರ ಒಯ್ದರೆ ಸಾಕು, ಮುಟ್ಟಬೇಡಿ, ಒಂದೇ ಚಕ್ರ ಧಗೆ ಹೊಡೆಯುತ್ತಿದ್ದರೆ ಅಲ್ಲೇ ದೋಷ. ಮೂರು, ಎಂಜಿನ್ ಆಯಿಲ್. ಕೈಪಿಡಿ 0ಡಬ್ಲ್ಯು-16 ಅಥವಾ 0ಡಬ್ಲ್ಯು-20 ಎಂದಿರುವಲ್ಲಿ ದಪ್ಪ ಆಯಿಲ್ ಹಾಕಿದ್ದರೆ ಮೈಲೇಜ್ ಇಳಿಯುತ್ತದೆ. ನಾಲ್ಕನೆಯದನ್ನು ನೀವೇ ನೋಡಬಹುದು. ದೊಡ್ಡ ಬ್ಯಾಟರಿಯನ್ನು ತಂಪಾಗಿಡುವ ಗಾಳಿಕಿಂಡಿ ಅನೇಕ ಕಾರುಗಳಲ್ಲಿ ಹಿಂದಿನ ಸೀಟಿನ ಬಳಿ ಇರುತ್ತದೆ. ಶಾಲೆಯ ಬ್ಯಾಗ್, ಶಾಲು, ಪ್ಲಾಸ್ಟಿಕ್ ಚೀಲ ಅದರ ಮುಂದೆ ಬಿದ್ದರೆ ಅಥವಾ ಜಾಲರಿಯಲ್ಲಿ ಧೂಳು ತುಂಬಿದರೆ ಬ್ಯಾಟರಿ ಬಿಸಿಯಾಗುತ್ತದೆ, ಕಾರು ಮೋಟರ್ ಬಳಕೆ ಕಡಿತ ಮಾಡುತ್ತದೆ. ಕಿಂಡಿ ಎಲ್ಲಿದೆ ಎಂದು ಕೈಪಿಡಿಯಲ್ಲಿ ನೋಡಿ ವ್ಯಾಕ್ಯೂಮ್ ಮಾಡಿ. ನಿಮ್ಮ ಎದುರಿಗೇ ಫುಲ್ ಟ್ಯಾಂಕ್ ಪರೀಕ್ಷೆ ನಡೆಸಿ ವರದಿ ಕೊಡಲು ಹಿಂದೇಟು ಹಾಕಿದರೆ ಕಂಪನಿಗೆ ಬರೆಯಿರಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 27.97 ಬರಲಿಲ್ಲ ಎಂಬುದೊಂದೇ ದೂರಾದರೆ ನಿಲ್ಲುವುದು ಕಷ್ಟ, ಮೂರು ಬಾರಿಯ ಬಿಲ್ಲು ಮತ್ತು ಓಡೋಮೀಟರ್ ಫೋಟೊ ಇದ್ದರೆ ಮಾತಿಗೆ ತೂಕ ಬರುತ್ತದೆ.

ದೀಪಾವಳಿಯಲ್ಲಿ ಬಾಗಿಲು ತೆರೆಯದಿದ್ದುದಕ್ಕೂ ದೊಡ್ಡ ಬ್ಯಾಟರಿಗೂ ಸಂಬಂಧವಿಲ್ಲ. ಹೈಬ್ರಿಡ್‌ನಲ್ಲೂ ಸಾಮಾನ್ಯ 12 ವೋಲ್ಟ್ ಬ್ಯಾಟರಿ ಒಂದಿರುತ್ತದೆ. ಬಾಗಿಲು, ಕಂಪ್ಯೂಟರ್, ದೊಡ್ಡ ಬ್ಯಾಟರಿಯನ್ನು ಜೋಡಿಸುವ ರಿಲೇ ಎಲ್ಲ ಅದರ ಮೇಲೆ. ನಿಂತ ಕಾರು ತನ್ನಷ್ಟಕ್ಕೆ ದಿನಕ್ಕೆ ಒಂದು ಆಂಪಿಯರ್-ಅವರ್‌ನ ಆಸುಪಾಸು ಎಳೆಯುತ್ತದೆ, 12 ದಿನಕ್ಕೆ ಅದರಿಂದ ಸಾಯುವುದಿಲ್ಲ. ಅನುಮಾನ ನಿಮ್ಮ ಡ್ಯಾಶ್‌ಕ್ಯಾಮ್ ಮೇಲೆ. ಪಾರ್ಕಿಂಗ್ ಮೋಡ್‌ನಲ್ಲಿ ಅದು 0.3 ಆಂಪಿಯರ್ ಎಳೆದರೆ ದಿನಕ್ಕೆ 7 ಆಂಪಿಯರ್-ಅವರ್ ಆಯಿತು, 40ರ ಬ್ಯಾಟರಿ ಐದಾರು ದಿನದಲ್ಲಿ ಖಾಲಿ. ವೋಲ್ಟೇಜ್ 12.2ಕ್ಕೆ ಇಳಿದಾಗ ತಾನೇ ಕಡಿದುಕೊಳ್ಳುವ ಹಾರ್ಡ್‌ವೈರ್ ಕಿಟ್ ಹಾಕಿಸಿ, ವೈರ್ ಕತ್ತರಿಸದೆ ಫ್ಯೂಸ್ ಟ್ಯಾಪ್‌ನಿಂದಲೇ ತೆಗೆಯಲು ಹೇಳಿ. ಹತ್ತು ದಿನಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಕ್ಯಾಮೆರಾದ ಪ್ಲಗ್ ಕಿತ್ತು ಹೋಗಿ.

ಮತ್ತೆ ಹಾಗಾದರೆ ರಿಮೋಟ್ ಕೀಯೊಳಗಿನ ಲೋಹದ ಕೀಲಿಯಿಂದ ಬಾಗಿಲು ತೆರೆಯಿರಿ. ಸಣ್ಣ ಪೋರ್ಟಬಲ್ ಜಂಪ್ ಸ್ಟಾರ್ಟರ್ ಸಾಕು, ಏಕೆಂದರೆ ಅದು ಎಂಜಿನ್ ತಿರುಗಿಸಬೇಕಿಲ್ಲ, ಕಂಪ್ಯೂಟರ್‌ಗಳನ್ನು ಎಬ್ಬಿಸಿದರೆ ಮುಗಿಯಿತು. ಕೆಂಪು ತುದಿ ಕೈಪಿಡಿ ಹೇಳಿದ ಪ್ಲಸ್ ಟರ್ಮಿನಲ್‌ಗೆ, ಕಪ್ಪು ತುದಿ ಬಣ್ಣವಿಲ್ಲದ ಲೋಹಕ್ಕೆ. ಉಲ್ಟಾ ಹಾಕಿದರೆ ದೊಡ್ಡ ಬ್ಯಾಟರಿಯಿಂದ 12 ವೋಲ್ಟ್ ಕೊಡುವ ದುಬಾರಿ ಡಿಸಿ-ಡಿಸಿ ಕನ್ವರ್ಟರ್ ಸುಡಬಹುದು. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟಲೇಬೇಡಿ, ನಿಮ್ಮ ಕಾರಿನಿಂದ ಬೇರೆಯವರ ಕಾರಿಗೆ ಜಂಪ್ ಕೊಡಲೂ ಹೋಗಬೇಡಿ. ಆಮೇಲೆ ಒಂದು ಗಂಟೆ ಓಡಿಸಿ. 12 ವೋಲ್ಟ್ ಬ್ಯಾಟರಿ ತುಂಬುವುದು, ಕಾರು ಹೊರಡಲು ಸಿದ್ಧ ಎಂದು ತೋರಿಸುವ ರೆಡಿ ದೀಪ ಉರಿಯುತ್ತಿದ್ದಾಗ ಮಾತ್ರ. ಬರೀ ಹಾಡು ಕೇಳುವ ಎಸಿಸಿ ಸ್ಥಿತಿಯಲ್ಲಿ ಅದು ಬರಿದಾಗುತ್ತದೆ. ಒಂದು ಮಾತನ್ನು ಮನೆಯವರಿಗೆಲ್ಲ ಹೇಳಿಡಿ: ರೆಡಿಯಲ್ಲಿರುವ ಕಾರು ಸದ್ದಿಲ್ಲದೆ ನಿಂತಿದ್ದರೂ ಎಂಜಿನ್ ಯಾವಾಗ ಬೇಕಾದರೂ ತಾನಾಗಿ ಚಾಲೂ ಆಗುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಹಾಗೆ ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣಕ್ಕೇ ಅಪಾಯ. ಇಳಿಯುವ ಮುನ್ನ ರೆಡಿ ದೀಪ ಆರಿದೆಯೇ ನೋಡುವುದು ಅಭ್ಯಾಸವಾಗಲಿ.

ಆಂಡ್ರಾಯ್ಡ್ ಆಟೋ ಬ್ಲೂಟೂತ್‌ನಿಂದ ಪರಿಚಯ ಮಾಡಿಕೊಂಡು ಆಮೇಲೆ ವೈ-ಫೈ ಮೇಲೆ ಓಡುತ್ತದೆ. ಫೋನಿನ ಬ್ಯಾಟರಿ ಸೇವರ್, ಆಫೀಸಿನ ವಿಪಿಎನ್, ಹಾಟ್‌ಸ್ಪಾಟ್ ಇವು ಮೂರೂ ಅದನ್ನು ಕಡಿಯುತ್ತವೆ. ಮೊದಲು ಅವನ್ನು ಆಫ್ ಮಾಡಿ, ಫೋನಿನಲ್ಲೂ ಕಾರಿನಲ್ಲೂ ಹಳೆಯ ಜೋಡಣೆ ಅಳಿಸಿ ಹೊಸದಾಗಿ ಜೋಡಿಸಿ. ಅರ್ಧ ದಾರಿಯಲ್ಲೇ ಹೋಗುತ್ತದೆ ಎಂದಿರುವುದರಿಂದ ಇನ್ನೊಂದು ಅನುಮಾನ: ಫೋನನ್ನು ಕವರ್ ಸಮೇತ ವೈರ್‌ಲೆಸ್ ಚಾರ್ಜರ್ ಮೇಲಿಟ್ಟು ಮ್ಯಾಪ್ ಓಡಿಸಿದರೆ ಅದು ಕಾದುಹೋಗಿ ತಾನಾಗಿ ನಿಧಾನವಾಗುತ್ತದೆ. ಎರಡು ದಿನ ಚಾರ್ಜರ್ ಮೇಲಿಡದೆ ನೋಡಿ. ಆದರೂ ಹೋದರೆ ಒಂದು ಮೀಟರಿಗಿಂತ ಚಿಕ್ಕ, ಡೇಟಾ ಸಾಗಿಸುವ ಒಳ್ಳೆಯ ಕೇಬಲ್ ಬಳಸಿ. ಊರ ದಾರಿಗೆ ಅದೇ ನಂಬಿಗಸ್ತ. ಮುಂದಿನ ಸರ್ವಿಸ್‌ನಲ್ಲಿ ಪರದೆಯ ಸಾಫ್ಟ್‌ವೇರ್ ಅಪ್‌ಡೇಟ್ ಕೇಳಿ.

ಮಾರುವ ವಿಚಾರ. ದೊಡ್ಡ ಬ್ಯಾಟರಿ ಬೇಗ ಕೈಕೊಡುತ್ತದೆ ಎಂಬುದು ಭಯ, ಅನುಭವವಲ್ಲ. ಟೊಯೋಟಾ, ಮಾರುತಿ ಎರಡೂ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ. ನಿಮ್ಮ ಕಾರಿನದು ಎಷ್ಟು ಎಂದು ವಾರಂಟಿ ಪುಸ್ತಕದಲ್ಲಿ ನೋಡಿ, ಅದು ಉಳಿಯಬೇಕಾದರೆ ಸರ್ವಿಸ್ ದಾಖಲೆ ತಪ್ಪಬಾರದು. ಹೊಸ ಕಾರಿನ ಬೆಲೆ ಅತಿ ಹೆಚ್ಚು ಇಳಿಯುವುದು ಮೊದಲ ವರ್ಷ, ಆ ನಷ್ಟವನ್ನು ಪೆಟ್ರೋಲ್ ಉಳಿತಾಯದಿಂದ ತುಂಬಲು ವರ್ಷಗಳೇ ಬೇಕು. ಹಿಂಜವಡಿಯ ಓಡಾಟವೊಂದೇ ಇದ್ದಿದ್ದರೆ, ಸೊಸೈಟಿಯಲ್ಲಿ ಚಾರ್ಜಿಂಗ್ ಪಾಯಿಂಟ್ ಸಿಗುವಂತಿದ್ದರೆ, ಎಲೆಕ್ಟ್ರಿಕ್ ಕಾರೇ ನಿಮಗೆ ತಕ್ಕದ್ದು ಎನ್ನುತ್ತಿದ್ದೆ, ಅದಕ್ಕೆ ಬಿಸಿಯಾಗುವ ಗೊಡವೆಯೇ ಇಲ್ಲ. ಆದರೆ ಹುಬ್ಬಳ್ಳಿಯ 430 ಕಿ.ಮೀ. ದಾರಿ ನಿಮಗೆ ಆಗಾಗ ಬರುತ್ತದೆ. ಅದಕ್ಕೆ ಈಗಿನ ಕಾರು ಚೆನ್ನಾಗಿಯೇ ಇದೆ. ಹೋಗಿ ಬಂದರೂ ಲೀಟರಿಗೆ 21ರಂತೆ 41 ಲೀಟರ್ ಆಗುತ್ತದೆ. ಅಷ್ಟಕ್ಕೆ ರಿಸರ್ವ್ ಮುಟ್ಟಬೇಕಾಗುವುದರಿಂದ ವಾಪಸ್ ಬರುವಾಗ ಕೊಲ್ಹಾಪುರದಲ್ಲೊಮ್ಮೆ ಹತ್ತು ಲೀಟರ್ ಹಾಕಿಸಿಕೊಳ್ಳಿ.